ಒಲೆ ನೋಡಲು ಬೇರೆ ಯಾರಿದ್ದಾರೆ?

ಬಸ್ಸಿಳಿದು ಬಾಡಿಗೆ ಮನೆಯ ಜಗಲಿಗೆ ಬಂದು ನೀರು ಕೇಳಿದರೆ ಜೊತೆಗೊಂದು ಬೆಲ್ಲದ ತುಂಡೂ ಬಂತು. ಧಾರವಾಡದಿಂದ ತುಳು ಸೀಮೆಯ ಪುಂಜಾಲಕಟ್ಟೆಗೆ ಬಂದ ಹೊಸ ಇಂಗ್ಲಿಷ್ ಮೇಷ್ಟ್ರು ನಾನು. ಪ್ರಸಾದವಿರಬೇಕೆಂದು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದೆ. ಮನೆಯೊಡತಿ ಕಲ್ಯಾಣಿಯಕ್ಕ ಕಟ್ಟುತ್ತಿದ್ದ ಬೀಡಿ ಬಿಟ್ಟು ನಕ್ಕರು.

"ಬಾಯಿಗೆ ಹಾಕಿ ಮಾಷ್ಟ್ರೆ, ಬಂದವರಿಗೆ ಕೊಡುವುದು ಅದು!"

ಅಷ್ಟರಲ್ಲಿ ಜೇಬೆಲ್ಲ ಅಂಟು. ಸಂಜೆಯೊಳಗೆ ಅಂಗಿಯ ತುಂಬ ಇರುವೆ.

ನಮ್ಮಲ್ಲಿ ಜೋಳದ ರೊಟ್ಟಿ, ಇಲ್ಲಿ ಕುಚ್ಚಲಕ್ಕಿ ಗಂಜಿ. ಹೊಟ್ಟೆ ಬೇಗ ಒಪ್ಪಿತು, ಕಿವಿ ಒಪ್ಪಲಿಲ್ಲ. ಇಲ್ಲಿಯ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದಂಥ ಕನ್ನಡ. ನನ್ನ ಕನ್ನಡ ಕೇಳಿದರೆ ಬೈಯುತ್ತಿದ್ದೇನೆಂದೇ ತಿಳಿದು ತಲೆ ತಗ್ಗಿಸುತ್ತಿದ್ದರು. ಶಾಲಾ ಇನ್ಸ್‌ಪೆಕ್ಟರ್ ಬರಲು ಹದಿನೈದು ದಿನವಿತ್ತು. ಅಂದೂ ತರಗತಿ ಬಾಯಿ ಬಿಡದಿದ್ದರೆ ನೌಕರಿ ಖಾಯಂ ಆಗುವುದಿಲ್ಲ, ನಾನು ಗಂಟುಮೂಟೆ ಕಟ್ಟಬೇಕು.

ಪಾಠವೋ ಕಬ್ಬಿಣದ ಕಡಲೆ. ‘ದ ಮ್ಯಾನ್ ಹೂಮ್ ಐ ಸಾ’, ನಾನು ಕಂಡ ಮನುಷ್ಯ. ಇಲ್ಲಿ ‘ಹೂಮ್’ ಬಿಡಬಹುದು. ‘ದ ಮ್ಯಾನ್ ಹೂ ಕೇಮ್’, ಬಂದ ಮನುಷ್ಯ. ಇಲ್ಲಿ ‘ಹೂ’ ಬಿಡುವಂತಿಲ್ಲ. ಜಗಲಿಯಲ್ಲಿ ಕೂತು ಇದನ್ನೇ ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದೆ.

"ಅದನ್ನು ಯಾಕೆ ಬಿಡಬಾರದು?" ಕಲ್ಯಾಣಿಯಕ್ಕ ಕೇಳಿದರು.

ಮೊದಲನೆಯದರಲ್ಲಿ ಕಾಣುವ ಕೆಲಸ ಮಾಡಲು ‘ಐ’, ಅಂದರೆ ‘ನಾನು’ ಇದೆ, ಎರಡನೆಯದರಲ್ಲಿ ಬರುವ ಕೆಲಸ ಮಾಡಲು ‘ಹೂ’ ಬಿಟ್ಟರೆ ಯಾರೂ ಇಲ್ಲ ಎಂದೆ.

"ಅಷ್ಟೆಯಾ ಮಾರಾಯ್ರೆ! ಒಲೆ ನೋಡ್ಲಿಕ್ಕೆ ಬೇರೆ ಜನ ಉಂಟಾದ್ರೆ ನಾನು ಎದ್ದು ಹೋಗ್ಬಹುದು. ನಾನೊಬ್ಬಳೇ ಆದ್ರೆ ಹೋಗ್ಲಿಕ್ಕೆ ಆಗ್ತದಾ? ಗಂಜಿ ಉಕ್ತದೆ."

ಮರುದಿನ ಅವರ ಮಾತನ್ನೇ ತರಗತಿಯಲ್ಲಿ ಹೇಳಿದೆ. ಮಕ್ಕಳು ಮೊದಲ ಸಲ ನಕ್ಕರು.

ಇನ್ಸ್‌ಪೆಕ್ಟರ್ ಬಂದವರೇ ಅದೇ ‘ಹೂ’ ಯಾಕೆ ಬಿಡಬಾರದೆಂದು ಕೇಳಬೇಕೆ! ಹಿಂದಿನ ಬೆಂಚಿನ ಸುಶೀಲಾ ಎದ್ದು ನಿಂತಳು.

"ಒಲೆ ನೋಡ್ಲಿಕ್ಕೆ ಬೇರೆ ಯಾರೂ ಇಲ್ಲ ಸರ್."

ಇನ್ಸ್‌ಪೆಕ್ಟರ್ ಕಕ್ಕಾಬಿಕ್ಕಿಯಾದರು. ಅವಳ ಕೈಯಿಂದಲೇ ಬೋರ್ಡಿನ ಮೇಲೆ ನಾಲ್ಕು ವಾಕ್ಯ ಬರೆಸಿದರು. ನಾಲ್ಕೂ ಸರಿ. ಅವರೂ ನಕ್ಕರು, ನೌಕರಿ ಉಳಿಯಿತು. ಶಾಲೆಯ ಮೆಟ್ಟಿಲೇ ಹತ್ತದ ಕಲ್ಯಾಣಿಯಕ್ಕನಿಂದ ನಾನು ಮೇಷ್ಟ್ರಾದೆ. ಅದನ್ನು ಈಗಲೂ ಎಲ್ಲರಿಗೂ ಹೇಳುತ್ತೇನೆ.

ಬೇಸಿಗೆ ರಜೆಗೆ ಧಾರವಾಡಕ್ಕೆ ಹೋದೆ. ಅವ್ವ ಓಡಿಬಂದು ತಂಬಿಗೆಯಲ್ಲಿ ನೀರು ಕೊಟ್ಟಳು. ಕುಡಿಯದೆ ಹೊಸ್ತಿಲಲ್ಲೇ ನಿಂತಿದ್ದೆ.

"ಬ್ಯಾರೆ ಮಂದಿ ಹಂಗ ಯಾಕ ನಿಂತೀಯೋ? ಏನ್ ಬೇಕಾಗೇದ?"

ಬೆಲ್ಲಕ್ಕಾಗಿ ಕಾಯುತ್ತಿದ್ದೇನೆಂದು ಅವಳಿಗೆ ಹೇಳಲಾಗಲಿಲ್ಲ.