ಎದುರಿನಿಂದ ಹತ್ತಿದವರು

ಮುಧೋಳಕ್ಕೆ ಹೋಗುವ ನಮ್ಮ ಬೆಳಗಿನ ಬಸ್ಸಿನ ಡ್ರೈವರನನ್ನು ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಘಟಪ್ರಭೆಯ ಹೊಸ ಸೇತುವೆ ಬಂದರೆ ಸಾಕು, ಕಾಕಾ ಹಾರ್ನ್ ಹಾಕಿ ನಿಂತುಬಿಡುತ್ತಿದ್ದ.

ಮೊದಲು ಅಲ್ಲಿ ದೋಣಿಯಿತ್ತಂತೆ. ಆಮೇಲೆ ಬಂದ ಕಲ್ಲಿನ ಸೇತುವೆಯಲ್ಲಿ ಒಂದೇ ಗಾಡಿಗೆ ಜಾಗ. ಆಚೆಯವರು ಹತ್ತಿದ್ದರೆ ಈಚೆಯವರು ಕಾಯಬೇಕು. ಮಳೆಗಾಲಕ್ಕೆ ಮುಳುಗುತ್ತಿದ್ದ ಆ ಸೇತುವೆ ಈಗಲೂ ಪಕ್ಕದಲ್ಲೇ ಪಾಚಿಗಟ್ಟಿಕೊಂಡು ಬಿದ್ದಿದೆ. ಹೊಸದರಲ್ಲಿ ಎರಡು ಕಬ್ಬಿನ ಟ್ರ್ಯಾಕ್ಟರ್ ಒಟ್ಟಿಗೇ ದಾಟಬಹುದು. ಆದರೂ ಕಾಕಾ ನಿಲ್ಲುತ್ತಿದ್ದ.

"ರಸ್ತಾ ಖಾಲಿ ಐತಲ್ಲೋ ಕಾಕಾ," ಎಂದು ಕಂಡಕ್ಟರ್ ಚೇಷ್ಟೆ ಮಾಡುತ್ತಿದ್ದ.

"ಅವರು ಮೊದಲ ಹತ್ಯಾರ, ಬರಲಿ."

ಸ್ವಲ್ಪ ಹೊತ್ತಿಗೆ ಸ್ಟೇರಿಂಗಿನಿಂದ ಎರಡು ಬೆರಳೆತ್ತಿ ಯಾರಿಗೋ ಸಲಾಂ ಮಾಡಿ ಗೇರ್ ಹಾಕುತ್ತಿದ್ದ. ನಾವು ನಗುತ್ತಿದ್ದೆವು. ಆದರೆ ಅವನು ಬೆರಳೆತ್ತಿದಾಗಲೆಲ್ಲ, ಲಾರಿಯೊಂದು ಹಾದುಹೋದಂತೆ ಬಲಗಡೆಯ ಗಾಜುಗಳು ಅದುರುತ್ತವೆ ಎಂಬುದು ಗಮನಕ್ಕೆ ಬಂದ ಮೇಲೆ ಯಾರೂ ನಗಲಿಲ್ಲ.

ಒಂದು ಸೋಮವಾರ ಬಹಳ ಹೊತ್ತು ಕಾದರೂ ಬೆರಳು ಮೇಲೇಳಲಿಲ್ಲ. "ಇವತ್ತ ಅವರು ಆ ಕಡೆನ ನಿಂತಾರ. ನನಗ ಬಾ ಅನ್ನಾಕತ್ತಾರ," ಎಂದವನು ನಿಧಾನವಾಗಿ ಸೇತುವೆ ದಾಟಿಸಿ ನಮ್ಮನ್ನು ಸ್ಟ್ಯಾಂಡಿನಲ್ಲಿ ಇಳಿಸಿದ. ಅದೇ ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಲ್ಲೇ ತೀರಿಕೊಂಡನಂತೆ.

ಮರುದಿನ ಬಂದ ಹೊಸ ಡ್ರೈವರ್ ಹಾರ್ನ್ ಕೂಡ ಹಾಕದೆ ಸೇತುವೆ ಹತ್ತಹೋದ. ಕಂಡಕ್ಟರ್ ಗಾಬರಿಯಿಂದ ಸೀಟಿ ಊದಿದ.

"ನಿಲ್ಲಸಲೇ! ಕಾಕಾ ಮೊದಲ ಹತ್ಯಾನ, ಬರಲಿ!"