ಪರ, ವಿರೋಧ ಮತ್ತು ಆರೂವರೆಯ ಗೇಟು

ನಮ್ಮ ಕಾಲೇಜಿನ ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರುತ್ತಿತ್ತು. ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಸಂಜೆ ಆರೂವರೆಗೆ ಮುಚ್ಚುತ್ತಿತ್ತು. ಎರಡನ್ನೂ ನಡೆಸುತ್ತಿದ್ದುದು ಒಂದೇ ಆಡಳಿತ. ಇದರಲ್ಲಿ ಏನೋ ಎಡವಟ್ಟಿದೆ ಎಂದು ಹೇಳಲು ದೊಡ್ಡ ವಿದ್ವತ್ತೇನೂ ಬೇಕಿಲ್ಲ. ಆದರೆ ಹಾಗೆ ಹೇಳಿದ ನನ್ನ ಗೆಳತಿಗೆ ಏನು ಮಾಡಿದರು ಎಂಬುದನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ನಾವಿಬ್ಬರೂ ಪದವಿಯ ಕೊನೆಯ ವರ್ಷದಲ್ಲಿದ್ದೆವು. ನಾನು ವಿದ್ಯಾರಣ್ಯಪುರಂನಿಂದ ಸಿಟಿ ಬಸ್ಸಿನಲ್ಲಿ ಬಂದು ಹೋಗುವವಳು. ಅವಳು ಕೊಳ್ಳೇಗಾಲದ ಕಡೆಯವಳು, ಸರಸ್ವತಿಪುರಂನ ಹಾಸ್ಟೆಲಿನಲ್ಲಿದ್ದಳು. ಅವಳ ತಂದೆಗೆ ಮಠದ ಬೀದಿಯಲ್ಲಿ ವಿಭೂತಿ, ಕರ್ಪೂರ, ಊದಿನಕಡ್ಡಿ ಮಾರುವ ಅಂಗಡಿ. ಮೂರು ಜನ ಹೆಣ್ಣುಮಕ್ಕಳಲ್ಲಿ ಇವಳೇ ಹಿರಿಯಳು. ಹಾಸ್ಟೆಲಿನಲ್ಲಿ ಜಾಗ ಇರುವ ತನಕ ಓದು, ಅದು ತಪ್ಪಿದ ದಿನ ಮದುವೆ ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಹಾಗಾಗಿ ಆ ಹಾಸ್ಟೆಲಿನ ಕಬ್ಬಿಣದ ಮಂಚವೇ ಅವಳ ಡಿಗ್ರಿಗೆ ಆಧಾರ.

ಹುಡುಗರ ಹಾಸ್ಟೆಲಿಗೂ ಗೇಟಿತ್ತು, ಮುಚ್ಚುವ ಹೊತ್ತು ಮಾತ್ರ ಇರಲಿಲ್ಲ. ಎರಡನೇ ಆಟದ ಸಿನಿಮಾ ಮುಗಿಸಿಕೊಂಡು ಅವರು ಹಾಡು ಹೇಳುತ್ತ ಬರುತ್ತಿದ್ದುದು ನಮ್ಮ ಹುಡುಗಿಯರಿಗೆ ಕಿಟಕಿಯಿಂದ ಕೇಳಿಸುತ್ತಿತ್ತಂತೆ.

ಆ ವರ್ಷ ಅಂತರಕಾಲೇಜು ಚರ್ಚಾ ಸ್ಪರ್ಧೆ ನಮ್ಮಲ್ಲೇ ನಡೆಯಿತು. ಆಗಿನ ಪದ್ಧತಿ ಹೀಗೆ: ಒಂದು ಕಾಲೇಜಿನಿಂದ ಇಬ್ಬರು ಬರಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಯಾರು ಯಾವುದು ಎಂದು ವೇದಿಕೆ ಹತ್ತುವ ಮುಂಚೆ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಇಬ್ಬರ ಅಂಕವನ್ನೂ ಕೂಡಿಸಿ ಗೆದ್ದ ಕಾಲೇಜಿಗೆ ಪರ್ಯಾಯ ಫಲಕ ಕೊಡುತ್ತಿದ್ದರು. ಆದ್ದರಿಂದ ಜೋಡಿಯಾದವರು ಎರಡೂ ಕಡೆಯ ಭಾಷಣವನ್ನು ಒಟ್ಟಿಗೇ ಕೂತು ಬರೆದು, ಎರಡನ್ನೂ ಬಾಯಿಪಾಠ ಮಾಡಿಕೊಂಡು ಹೋಗಬೇಕಿತ್ತು. ವಿಷಯ, ವಿದ್ಯಾರ್ಥಿ ಜೀವನಕ್ಕೆ ಕಟ್ಟುನಿಟ್ಟಿನ ನಿಯಮಗಳು ಅಗತ್ಯ. ಕ್ಯಾಂಟೀನಿನಲ್ಲಿ ಕೂತು ನಿಯಮವನ್ನು ಹೊಗಳುವ ಭಾಷಣವನ್ನು ಹೆಚ್ಚಾಗಿ ಅವಳು ಬರೆದಳು, ತೆಗಳುವುದನ್ನು ನಾನು ಬರೆದೆ. ಬಯ್ಯುವುದಕ್ಕೆ ನನಗೆ ಯಾವತ್ತೂ ಪದಗಳ ಬರ ಇರಲಿಲ್ಲ.

ಚೀಟಿಯಲ್ಲಿ ನನಗೆ ಪರ ಬಂತು, ಅವಳಿಗೆ ವಿರೋಧ. ನಾನು ಅವಳ ವಾಕ್ಯಗಳನ್ನು ಹೇಳಿ ಇಳಿದೆ. ಅವಳು ನನ್ನ ವಾಕ್ಯಗಳನ್ನು ಹೇಳಲು ವೇದಿಕೆ ಹತ್ತಿದಳು. ಅಬ್ಬಾ, ಅವಳ ಗಂಟಲು! ಸಭೆಯ ಕೊನೆಯ ಬೆಂಚಿನವರು ಕೂಡ ಕಾಲಾಡಿಸುವುದನ್ನು ನಿಲ್ಲಿಸಿದರು. "ಒಂದು ಕಾಲೇಜಿದೆ ಅಂದುಕೊಳ್ಳಿ. ಅಲ್ಲಿ ಗ್ರಂಥಾಲಯ ಎಂಟಕ್ಕೆ ಮುಚ್ಚುತ್ತದೆ, ಹುಡುಗಿಯರ ಗೇಟು ಆರೂವರೆಗೆ ಮುಚ್ಚುತ್ತದೆ. ಆ ಒಂದೂವರೆ ಗಂಟೆಯ ಪುಸ್ತಕಗಳು ಯಾರಿಗಾಗಿ?" ಎಂದು ಕೇಳಿದಳು. ಯಾವ ಕಾಲೇಜಿನ ಹೆಸರನ್ನೂ ಹೇಳಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ.

ಫಲಕ ನಮಗೇ ಬಂತು. ಪ್ರಾಂಶುಪಾಲರೇ ಅದನ್ನು ಅವಳ ಕೈಗಿಟ್ಟು, ಫೋಟೋ ತೆಗೆಸಿಕೊಂಡು, "ನಮ್ಮ ಕಾಲೇಜಿನ ಕೀರ್ತಿ ಬೆಳಗಿಸಿದ್ದೀಯಮ್ಮ" ಎಂದರು. ಮರುವಾರ ಅದೇ ಪ್ರಾಂಶುಪಾಲರ ಸಹಿ ಇದ್ದ ನೋಟೀಸು ಅವಳಿಗೆ ಬಂತು. ಸಂಸ್ಥೆಯ ಆಡಳಿತದ ಬಗ್ಗೆ ಪೂರ್ವಾನುಮತಿ ಇಲ್ಲದೆ ಸಾರ್ವಜನಿಕವಾಗಿ ಮಾತಾಡಿ ನಡತೆಯ ನಿಯಮವನ್ನು ಮುರಿದಿದ್ದಾಳೆ, ಆದ್ದರಿಂದ ಹಾಸ್ಟೆಲ್ ಸೀಟನ್ನು ಏಕೆ ರದ್ದು ಮಾಡಬಾರದು ಎಂದು ಕೇಳಿದ್ದರು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಅಂದರೆ ಇದೇ. ಹೆಸರೇ ಹೇಳದ ಕಾಲೇಜು ತಮ್ಮದೇ ಎಂದು ಇವರಿಗೆ ಹೇಗೆ ಗೊತ್ತಾಯಿತು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

ನನಗೆ ತಡೆಯಲಾಗಲಿಲ್ಲ. ಕರೆಯದಿದ್ದರೂ ಅವಳ ಜೊತೆ ಪ್ರಾಂಶುಪಾಲರ ಕೋಣೆಗೆ ನುಗ್ಗಿದೆ.

"ಸರ್, ಆ ಮಾತು ಬರೆದವಳು ನಾನು. ಚೀಟಿ ಅದಲುಬದಲಾಗಿ ಬಂದಿದ್ರೆ ನಾನೇ ಹೇಳ್ತಿದ್ದೆ. ನೋಟೀಸು ನನಗೂ ಕೊಡಿ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ, ಯಾರಿಗೂ ಗದರಿದವರಲ್ಲ. ಅದೇ ನನಗೆ ಇನ್ನೂ ಸಿಟ್ಟು ಬರಿಸುವುದು. "ನೀನು ಪರವಾಗಿ ಮಾತಾಡಿದವಳಲ್ವೇನಮ್ಮ? ನಿನ್ನ ನಡತೆ ಬಗ್ಗೆ ನಮ್ಗೆ ಯಾವ ದೂರೂ ಇಲ್ಲ" ಎಂದರು. ಅಂದರೆ ನನ್ನ ನಡತೆ ಚೆನ್ನಾಗಿದ್ದುದು ಒಂದು ಡಬ್ಬಿಯಲ್ಲಿ ನನ್ನ ಬೆರಳಿಗೆ ಯಾವ ಚೀಟಿ ಸಿಕ್ಕಿತು ಎಂಬುದರ ಮೇಲೆ! ಇಂಥ ಶಿಸ್ತಿಗೆ ಬೆಂಕಿ ಬೀಳ.

ಅವಳ ಕಡೆ ತಿರುಗಿ, ಮೆತ್ತಗಿನ ದನಿಯಲ್ಲೇ ದಾರಿ ತೋರಿಸಿದರು. "ನೋಡಮ್ಮ, ಚೀಟಿ ಬಂದಿದ್ದಕ್ಕೆ ಮಾತಾಡಿದೆ, ಅದು ನನ್ನ ಸ್ವಂತ ಅಭಿಪ್ರಾಯ ಅಲ್ಲ, ಕ್ಷಮಿಸಿ ಅಂತ ಬರ್ಕೊಂಡು ಬಾ. ಸೋಮವಾರ ಪ್ರಾರ್ಥನೆಯಾದ್ಮೇಲೆ ಮೈಕಿನಲ್ಲಿ ಓದ್ಬಿಡು. ಸೀಟು ಎಲ್ಲಿಗೂ ಹೋಗಲ್ಲ."

ಹೊರಗೆ ಬಂದ ಮೇಲೆ ನಾನು ಕುದಿಯುತ್ತಿದ್ದೆ. ಅಷ್ಟು ಹೊತ್ತಿಗೆ ಕಾಲೇಜಿನವರು ಅಂಗಡಿಯ ಪಕ್ಕದ ಎಸ್‌ಟಿಡಿ ಬೂತಿಗೆ ಫೋನು ಮಾಡಿ ಅವಳ ತಂದೆಗೆ ಸುದ್ದಿ ಮುಟ್ಟಿಸಿದ್ದರು. ಫೋನಿನಲ್ಲಿ ಅವರು ಅಂದದ್ದು ಇಷ್ಟೇ: "ದೊಡ್ಡೋರು ಹೇಳ್ದಂಗೆ ಬರ್ಕೊಟ್ಬುಡು ಮಗ. ಇಲ್ದಿದ್ರೆ ಗಂಟು ಕಟ್ಕೊಂಡು ಬಂದ್ಬುಡು."

"ಓದ್ತೀಯೇನೇ?" ಎಂದು ಕೇಳಿದೆ.

"ಓದ್ತೀನಿ ಕಣೇ. ಇನ್ನೇನು ಮಾಡ್ಲಿ? ಪರೀಕ್ಷೆ ಹತ್ರ ಬಂತು" ಎಂದಳು. ಅವಳನ್ನು ಬಯ್ಯುವ ಹಕ್ಕು ನನಗಿರಲಿಲ್ಲ. ನನಗೆ ಮನೆಯಿತ್ತು, ಅವಳಿಗೆ ಮಂಚವಿತ್ತು, ಅಷ್ಟೇ.

ಸೋಮವಾರ ಪ್ರಾರ್ಥನೆ ಮುಗಿಯಿತು. ಯಾರನ್ನೂ ತರಗತಿಗೆ ಬಿಡದೆ ಬಿಸಿಲಿನಲ್ಲಿ ನಿಲ್ಲಿಸಿದರು. ಅವಳು ಮೈಕಿನ ಮುಂದೆ ಬಂದು ಹಾಳೆ ಹಿಡಿದು ಓದಿದಳು. ಫಲಕ ಗೆದ್ದ ಗಂಟಲೇ ಅಲ್ಲ ಅದು. ಮೊದಲ ಸಾಲಿನಲ್ಲಿದ್ದ ನನಗೂ ಅರ್ಧ ಕೇಳಿಸಲಿಲ್ಲ. ಓದಿ ಮುಗಿಸಿ ಇಳಿಯಲು ಹೆಜ್ಜೆ ಎತ್ತಿದಾಗ ಪ್ರಾಂಶುಪಾಲರು ಅವಳನ್ನು ತಡೆದರು.

"ಹಿಂದಿನವರಿಗೆ ಕೇಳಿಸಲಿಲ್ಲವಂತಮ್ಮ. ಇನ್ನೊಂದ್ಸಲ ಓದು, ಸ್ವಲ್ಪ ಜೋರಾಗಿ."

ಅಯ್ಯೋ ದೇವರೇ, ಒಂದು ಸಲ ಸಾಲದೇ ಇವರಿಗೆ! ಅವಳು ಹಾಳೆಯನ್ನು ನೋಡಿದಳು. ಪ್ರಾಂಶುಪಾಲರನ್ನು ನೋಡಿದಳು. ಆಮೇಲೆ ಹಾಳೆ ಮಡಚಿ, ಹಿಂದಿನ ಸಾಲಿನ ಕಡೆ ಮುಖ ಮಾಡಿದಳು.

"ಗ್ರಂಥಾಲಯ ಎಂಟಕ್ಕೆ ಮುಚ್ಚುತ್ತೆ, ನಮ್ಮ ಗೇಟು ಆರೂವರೆಗೆ ಮುಚ್ಚುತ್ತೆ ಅಂತ ನಾನು ಹೇಳಿದೆ. ಅದನ್ನ ಹೇಳಿದ್ದಕ್ಕೆ ಕ್ಷಮೆ ಕೇಳು ಅಂದಿದ್ದಾರೆ, ಕೇಳ್ತಿದ್ದೀನಿ. ಆದ್ರೆ ಅದು ನನ್ನ ಅಭಿಪ್ರಾಯವೇ. ಚೀಟಿ ಬರದಿದ್ರೂ ಅದೇ ನನ್ನ ಅಭಿಪ್ರಾಯ." ಹಿಂದಿನವರನ್ನೇ ಕೇಳಿದಳು, "ಈಗ ಕೇಳಿಸ್ತಾ?"

"ಕೇಳಿಸ್ತು!" ಎಂದು ಹಿಂದಿನಿಂದ ಕೂಗು ಬಂತು. ಹುಡುಗಿಯರ ದನಿ.

ಮಧ್ಯಾಹ್ನದೊಳಗೆ ಸೀಟು ರದ್ದಾಯಿತು. ಟ್ರಂಕು, ಹಾಸಿಗೆ ಸುರುಳಿ, ಒಂದು ಬಕೆಟ್ಟು. ಅಷ್ಟನ್ನೂ ಆಟೋದಲ್ಲಿ ಹಾಕಿಕೊಂಡು ನಾನು ಅವಳನ್ನು ಬಸ್‌ಸ್ಟ್ಯಾಂಡಿಗಲ್ಲ, ಸೀದಾ ನಮ್ಮ ಮನೆಗೆ ಕರೆದುಕೊಂಡು ಹೋದೆ. ಅಮ್ಮ ಪೂರ್ತಿ ಕಥೆ ಕೇಳಿ, ಸೆರಗು ಸಿಕ್ಕಿಸಿಕೊಂಡು ಬೂತಿಗೆ ಹೊರಟಳು. ನಮ್ಮಮ್ಮನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ, ಬೂತಿನವನು ಗಾಜಿನ ಬಾಗಿಲು ಹಾಕಿದರೂ ರಸ್ತೆಗೆಲ್ಲ ಕೇಳಿಸಿತು.

"ಯಜಮಾನ್ರೇ, ನಿಮ್ ಮಗಳು ಕದ್ದಿಲ್ಲ, ಸುಳ್ಳು ಹೇಳಿಲ್ಲ. ಇದ್ದಿದ್ದನ್ನ ಇದ್ದಂಗೆ ಹೇಳವ್ಳೆ ಕಣ್ರೀ. ಪರೀಕ್ಷೆ ಮುಗಿಯೋಗಂಟ ನಮ್ಮನೇಲಿರ್ಲಿ ಬುಡಿ. ಒಂದ್ ಪಾವು ಅಕ್ಕಿ ಜಾಸ್ತಿ ಹಾಕಿದ್ರೆ ಆಯ್ತು. ಮದ್ವೆ ಎಲ್ಲಿ ಓಡೋಯ್ತದೆ?"

ಅವಳ ತಂದೆ, "ಜವಾಬ್ದಾರಿ ನಿಮ್ದೇ ತಾಯಿ" ಎಂದು ಫೋನಿಟ್ಟರಂತೆ.

ವರ್ಷದ ಕೊನೆಗೆ ಕೊಟ್ಟ ನಡತೆಯ ಸರ್ಟಿಫಿಕೇಟಿನಲ್ಲಿ ನನಗೆ 'ಉತ್ತಮ' ಎಂದಿತ್ತು, ಅವಳಿಗೆ 'ತೃಪ್ತಿಕರ'. ಮುಂದಿನ ವರ್ಷದ ಸ್ಪರ್ಧೆಗೆ ಹೋದ ನಮ್ಮ ಕಿರಿಯರು ಹೇಳಿದರು, ಆಡಳಿತ, ಹಾಸ್ಟೆಲು, ಶಿಸ್ತು, ಈ ವಿಷಯಗಳನ್ನು ಚರ್ಚೆಗೆ ಇಡುವಂತಿಲ್ಲ ಎಂಬ ಹೊಸ ನಿಯಮ ಬಂದಿದೆ ಎಂದು. ಗೇಟಿನ ಹೊತ್ತು ಐದು ನಿಮಿಷವೂ ಆಚೀಚೆ ಆಗಿರಲಿಲ್ಲ. ಬಾಯಿ ಮುಚ್ಚಿಸುವುದಕ್ಕೆ ಇವರಿಗೆ ಎಷ್ಟು ಬೇಗ ನಿಯಮ ಸಿಗುತ್ತದೆ ನೋಡಿ!

ಅವಳು ನಮ್ಮ ಮನೆಗೆ ಬಂದ ಮಾರನೆಯ ದಿನ ತರಗತಿ ಮುಗಿಸಿ ಇಬ್ಬರೂ ಗ್ರಂಥಾಲಯದಲ್ಲಿ ಕೂತಿದ್ದೆವು. ಆರು ದಾಟುತ್ತಿದ್ದಂತೆ ಅವಳು ದಡಬಡ ಎದ್ದು ಪುಸ್ತಕ ಮುಚ್ಚತೊಡಗಿದಳು.

"ಎಲ್ಲಿಗೇ?" ಎಂದೆ.

ನಿಂತಲ್ಲೇ ನಿಂತಳು. ಮತ್ತೆ ಕೂತಳು. ಕತ್ತಲಾದಾಗ ಅಟೆಂಡರ್ ಬಂದು ಒಂದೊಂದೇ ದೀಪ ಹಾಕುತ್ತ ಹೋದ. ಅವಳು ಓದುವುದನ್ನು ಬಿಟ್ಟು, ಕತ್ತೆತ್ತಿ ಆ ದೀಪಗಳನ್ನು, ಸುತ್ತಲಿನ ಮೇಜುಗಳನ್ನು ನೋಡುತ್ತಿದ್ದಳು. ಎಲ್ಲ ಮೇಜುಗಳಲ್ಲೂ ಹುಡುಗರೇ.

ಮೂರು ವರ್ಷ ಓದಿದ ಕಾಲೇಜಿನಲ್ಲಿ, ದೀಪ ಹಾಕಿದ ಗ್ರಂಥಾಲಯವನ್ನು ಅವಳು ನೋಡಿದ್ದು ಅದೇ ಮೊದಲು.