ರೂನಳ ಬೆಟ್ಟ

ನಮ್ಮ ಅಜ್ಜನ ಮನೆಯ ಹಿಂದಿನ ಬೆಟ್ಟಕ್ಕೆ ರೂನ ದೊಡ್ಡಮ್ಮನದೇ ಹೆಸರು: ರೂನುಫೆಲ್, ಎಂದರೆ ರೂನಳ ಬೆಟ್ಟ. ಹಿಂದೆಂದೋ ಹಿಮನದಿ ಮೂರು ಕಡೆಯಿಂದ ಕೆರೆದು ಬಿಟ್ಟುಹೋದ ಗಿಡ್ಡ ಬೆಟ್ಟ. ಮೇಲೆ ಹತ್ತಿದರೆ ಇಡೀ ಕೊಲ್ಲಿ, ಅದರಾಚೆಯ ಹಿಮ, ನಮ್ಮ ಕುರಿದೊಡ್ಡಿಯ ಕೆಂಪು ತಗಡು ಎಲ್ಲ ಕಾಣುತ್ತದೆ. ನಕ್ಷೆ ಮಾಡುವವರು ಬಂದಾಗ ಅಜ್ಜನೇ ಈ ಹೆಸರು ಬರೆಸಿದನೆಂದು ದೊಡ್ಡಮ್ಮ ನಂಬಿದ್ದಳು. ಅಜ್ಜ ಮಕ್ಕಳ ತಲೆ ಸವರಿದವನಲ್ಲ. ಮದುವೆಯಾಗದೆ, ಕುರಿ ಸಾಕಿಕೊಂಡು ಇಲ್ಲೇ ಉಳಿದ ಅವಳಿಗೆ ಅಪ್ಪನ ಮುದ್ದು ಎಂದರೆ ಆ ಹೆಸರೊಂದೇ.

ಹೋದ ಆಗಸ್ಟಿನಲ್ಲಿ ಅವಳಿಗೆ ಎಂಬತ್ತು ತುಂಬಿತು. ಪಟ್ಟಣದಿಂದ ಬಂದಿದ್ದ ಅವಳ ತಂಗಿ ದಾಗ್ನಿ, ಎಂದರೆ ನನ್ನಮ್ಮ, ಅಂಗಳದಲ್ಲಿ ಎಲ್ಲರಿಗೂ ಪ್ಯಾನ್‌ಕೇಕ್ ಹಂಚುತ್ತಿದ್ದಳು. ಬೇಲಿಯಾಚೆ ಗೈಡೊಬ್ಬ ಪ್ರವಾಸಿಗರಿಗೆ ಹೇಳುತ್ತಿದ್ದ: "ರೂನ ಅಂತ ಕುರಿ ಕಾಯೋಳು. ಮುನ್ನೂರು ವರ್ಷದ ಹಿಂದೆ, ಪ್ರೀತಿಸಿದವನು ಕೈಕೊಟ್ಟ ಅಂತ ಆ ತುದಿಯಿಂದ ಹಾರಿ ಸತ್ತಳು."

ದೊಡ್ಡಮ್ಮ ದಿಗ್ಗನೆದ್ದಳು. "ಏಯ್ ಮಾರಾಯ, ನಾನೇ ಕಣೋ ರೂನ! ಸತ್ತಿಲ್ಲ, ಇಲ್ಲಿ ಪ್ಯಾನ್‌ಕೇಕ್ ತಿಂತಿದ್ದೀನಿ. ಆ ಹೆಸರಿಟ್ಟಿದ್ದು ನಮ್ಮಪ್ಪ!"

ಗೈಡನ ಮುಖ ಬಿಳಿಚಿತು. ಅಮ್ಮ ನಗುತ್ತ ನಗುತ್ತ ಬಾಯಿಬಿಟ್ಟಳು: "ಅಪ್ಪ ಎಲ್ಲಿ ಇಟ್ಟ ಕಣೇ ಅಕ್ಕ? ನಾನು! ಅಪ್ಪ ಮೀನಿಗೆ ಹೋಗಿದ್ದ, ಮ್ಯಾಪಿನವನು ಬಂದು ಹೆಸರು ಕೇಳ್ದ. ನಮಗೆಲ್ಲ ಅದು ಬರೀ ಗುಡ್ಡ. ನೀನು ಮೇಲೆ ಹತ್ತಿ, ಇಳಿಯೋಕೆ ಹೆದರಿ ಅತ್ತಿದ್ದೆಯಲ್ಲ, ತಮಾಷೆಗೆ ನಿನ್ನ ಹೆಸರು ಹೇಳ್ಬಿಟ್ಟೆ."

ಯಾರೂ ನಗಲಿಲ್ಲ. ದೊಡ್ಡಮ್ಮ ಬೆಟ್ಟವನ್ನೊಮ್ಮೆ ನೋಡಿದಳು, ಅಮ್ಮನನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ವಾರ ಅಮ್ಮನ ಫೋನು ಎತ್ತಲಿಲ್ಲ. ಬೇಸಿಗೆ ಮುಗಿದು ಕುರಿಗಳನ್ನು ಬೆಟ್ಟದಿಂದ ಇಳಿಸುವ ದಿನ ಇಬ್ಬರೂ ದೊಡ್ಡಿಯಲ್ಲಿ ಎದುರಾದರು.

"ಮ್ಯಾಪು ಅಚ್ಚಾಗಿ ಬಂದಾಗ ಅಪ್ಪ ನೋಡಿದ್ನಾ?" ದೊಡ್ಡಮ್ಮ ಕೇಳಿದಳು.

"ನೋಡ್ದ. ನಾನು ಹೆದರಿ ನಿಜ ಹೇಳ್ದೆ. ತಿದ್ದಿಸೋಕೆ ಕಾಗದ ಬರೀತೀರಾ ಅಂತ ಅವ್ವ ಕೇಳಿದ್ಲು."

"ಏನಂದ?"

"'ಬೇಡ, ಇರ್ಲಿ. ಚೆನ್ನಾಗೇ ಇದೆ' ಅಂದ."

ದೊಡ್ಡಮ್ಮ ಬೆರಗಾಗಿ ನಿಂತುಬಿಟ್ಟಳು. "ಇಷ್ಟು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆ ಹಾಳಾದವಳೇ?" ಎಂದು ಅಮ್ಮನ ಹೆಗಲಿಗೆ ಗುದ್ದಿದಳು. ಆಮೇಲೆ ಮುಂದಿನ ಕುರಿಯ ಕೊಂಬು ಹಿಡಿದು ಎಳೆಯತೊಡಗಿದಳು. ಅಮ್ಮ ಅದರ ಇನ್ನೊಂದು ಕೊಂಬು ಹಿಡಿದಳು.